ಐರನ್‌ಗಳಿಗೆ ಹೊಸ ಶಾಫ್ಟ್, ನನಗೆ ಹೊಸ ವಯಸ್ಸು

“ನಿಮಗೆ ಸೀನಿಯರ್ ಹಾಕೋಣ” ಅಂದ ಡೆಕ್ಲನ್. ನನಗಿನ್ನೂ ಐವತ್ತೊಂದು ಸ್ವಾಮಿ! ಮೀಸೆಗೆ ಬಣ್ಣ ಹಚ್ಚಿ ಎರಡೇ ದಿನ ಆಗಿತ್ತು.

ಡೆಕ್ಲನ್ ಇಲ್ಲೇ ಐರ್ಲೆಂಡಿನ ನಮ್ಮೂರು ನೇಸ್‌ನಲ್ಲಿ, ಮನೆ ಹಿಂದಿನ ಶೆಡ್‌ನಲ್ಲಿ ಗಾಲ್ಫ್ ಕೋಲು ರಿಪೇರಿ ಮಾಡುವವನು. ನನ್ನ ಐರನ್‌ಗಳ, ಅಂದರೆ ಕಬ್ಬಿಣದ ತಲೆಯ ಕೋಲುಗಳ, ತಲೆಗಳು ಚೆನ್ನಾಗಿದ್ದವು. ತಲೆಗೂ ಹಿಡಿಗೂ ನಡುವಿನ ಸರಳು, ಅಂದರೆ ಶಾಫ್ಟ್, ತುಕ್ಕು ಹಿಡಿದಿತ್ತು. ತಲೆಯನ್ನು ಕಾಯಿಸಿ ಕಿತ್ತು, ಹೊಸ ಶಾಫ್ಟಿಗೆ ಅಂಟು ಹಾಕಿ ಕೂರಿಸುತ್ತಾನೆ. (ಮಂಡಿ ಬದಲಿಸುವ ಶೆಡ್ಡೂ ಒಂದಿದ್ದರೆ!)

ಸೀನಿಯರ್ ಅಂದರೆ ವಯಸ್ಸಾದವರಿಗೆಂದೇ ಮಾಡಿದ, ಸುಲಭವಾಗಿ ಬಾಗುವ ಶಾಫ್ಟ್. ನಾನು ಕೇಳಿದ್ದು ಗಟ್ಟಿಯಾದ ‘ಸ್ಟಿಫ್’ ಶಾಫ್ಟ್. ಯಾಕೆ? ಸುಧಾಕರನ ಹತ್ತಿರ ಅದೇ ಇದೆಯಂತೆ. ಉಡುಪಿ ಕಡೆಯವನು, ನನ್ನ ವಾರಿಗೆಯವನೇ, ಪ್ರತಿ ಭಾನುವಾರ ಜೊತೆಗೆ ಆಡುತ್ತಾನೆ. “ಸ್ಟಿಫ್ ಬಿಟ್ಟು ಬೇರೆ ಮುಟ್ಟಲ್ಲ ಮಾರಾಯ, ಅದೆಲ್ಲ ಮುದುಕರಿಗೆ” ಅಂತ ನಾಲ್ಕು ವರ್ಷದಿಂದ ಕೊರೆಯುತ್ತಿದ್ದಾನೆ. ಅವನೆದುರು ಸೀನಿಯರ್ ಹಿಡಿದು ನಿಲ್ಲುವುದೇ? ಮಾನ ಉಳಿಯುತ್ತದೆಯೇ?

ಡೆಕ್ಲನ್ ವಾದ ಮಾಡಲಿಲ್ಲ. ಚೆಂಡು ಎತ್ತ, ಎಷ್ಟು ದೂರ ಹೋಗುತ್ತದೆಂದು ತೋರಿಸುವ ಮಶಿನ್ ಎದುರು ನಿಲ್ಲಿಸಿ ಎರಡರಲ್ಲೂ ಹೊಡೆಸಿದ. ಸ್ಟಿಫ್ ಹಿಡಿದು ಹಲ್ಲುಕಚ್ಚಿ ಬೀಸಿದೆ. ಸೊಂಟ ಹಿಡಿಯಿತು, ಚೆಂಡು ಎಲ್ಲೋ ಹೋಯಿತು. ಸೀನಿಯರ್ ಹಿಡಿದು ಸುಮ್ಮನೆ ಬೀಸಿದೆ. ನೇರವಾಗಿ, ದೂರಕ್ಕೆ ಹೋಯಿತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಜೊತೆಗೆ ಬಂದಿದ್ದ ಮಗಳು (ಇಲ್ಲೇ ಹುಟ್ಟಿದವಳು) “ಇಟ್ಸ್ ಗ್ರ್ಯಾಂಡ್, ಡ್ಯಾಡ್. ಜಸ್ಟ್ ಟೇಕ್ ಇಟ್” ಅಂದಳು.

ಒಪ್ಪಿದೆ. ಆದರೆ ಶಾಫ್ಟಿನ ಮೇಲೆ ದಪ್ಪಕ್ಷರದಲ್ಲಿ ‘ಸೀನಿಯರ್’ ಅಂತ ಬರೆದಿತ್ತಲ್ಲ!

“ಆ ಅಕ್ಷರ ಕೆಳಗೆ, ನೆಲ ನೋಡೋ ಹಾಗೆ ಕೂರಿಸೋಕಾಗುತ್ತಾ?” ಮೆಲ್ಲಗೆ ಕೇಳಿದೆ.

ಡೆಕ್ಲನ್ ನಗಲೂ ಇಲ್ಲ. “ಎಲ್ಲರೂ ಅದನ್ನೇ ಕೇಳ್ತಾರೆ” ಅಂದ.

ಕೇಳದೆ ಏನು? ಕನ್ನಡಕ ಜೇಬಿನಲ್ಲೇ ಇಟ್ಟು, ಮೆನು ಕಾರ್ಡನ್ನು ಮಾರುದೂರ ಹಿಡಿದು ಓದುವವರಲ್ಲವೇ ನಾವು? ಸೊಂಟಕ್ಕೆ ಗೊತ್ತಿರುವ ವಯಸ್ಸನ್ನು ಊರಿಗೆ ಕಾಣದಂತೆ ಮುಚ್ಚಿಡುತ್ತೇವೆ.

ಭಾನುವಾರ ಹೊಡೆತಗಳೆಲ್ಲ ಸೊಗಸಾಗಿ ಬಿದ್ದವು. “ಸ್ಟಿಫ್ ಹಾಕ್ಸಿದ್ಯಾ ಮಾರಾಯ?” ಕೇಳಿದ ಸುಧಾಕರ. “ಮತ್ತಿನ್ನೇನು?” ಅಂದೆ, ಎದೆಯುಬ್ಬಿಸಿ.

ಅವನ ಐರನ್ನೊಂದು ಹುಲ್ಲಿನ ಮೇಲೆ ಬಿದ್ದಿತ್ತು. ಎತ್ತಿಕೊಟ್ಟರಾಯಿತು ಅಂತ ಬಗ್ಗಿದೆ. ಶಾಫ್ಟಿನ ಮೇಲ್ಗಡೆ ಒಂದಕ್ಷರವೂ ಕಾಣಲಿಲ್ಲ. ತಿರುಗಿಸಿ ನೋಡುವಷ್ಟರಲ್ಲಿ ಸುಧಾಕರ ಓಡಿಬಂದು ಕಸಿದುಕೊಂಡ.

ನಾಲ್ಕು ವರ್ಷದಲ್ಲಿ ಅವನು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.