ಪುಟ್ಟಮ್ಮಜ್ಜಿಯದಲ್ಲದ ಕಲ್ಲು

ಆ ಕಲ್ಲು ಪುಟ್ಟಮ್ಮಜ್ಜಿಯ ಹಾಳುಮನೆಯದಲ್ಲ. ಅರಕಲಗೂಡಿನಲ್ಲಿ ನನ್ನ ಗಂಡನ ಮನೆಯ ಹಿತ್ತಲಿನದು, ಅತ್ತೆಯದು. ನಾನೇ ಕದ್ದು ತಂದದ್ದು. ಈ ಒಂದು ಮಾತನ್ನು ಹೇಳಬೇಕಾಗಿದ್ದಾಗ ನಾನು ಹೇಳಲಿಲ್ಲ. ನನ್ನ ತಮ್ಮ ಲೋಕೇಶ ಈಗ ಇಲ್ಲ.

ಎಲ್ಲವೂ ಸರಿಯಾಗಿದ್ದ ಕೊನೆಯ ದಿನ ಒಂದು ಭಾನುವಾರ. ಶಾಂತಿಗ್ರಾಮದ ಹತ್ತಿರದ ನನ್ನ ತವರಿಗೆ ಬಂದಿದ್ದೆ. ಅವ್ವ ಜಗುಲಿಯಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದಳು. ಲೋಕೇಶ ಅಂಗಳದಲ್ಲಿ ಭಾರ ಎತ್ತುತ್ತಿದ್ದ. ಹಾಸನದ ಮೊಬೈಲ್ ಅಂಗಡಿಯಲ್ಲಿ ಅವನ ಕೆಲಸ. ನಮ್ಮೂರಿನಲ್ಲಿ ಜಿಮ್ ಇಲ್ಲ. ಅದಕ್ಕೇ ರಾಗಿ ಬೀಸುವ ಕಲ್ಲುಗಳ ಮೇಲಿನ ಭಾಗ ಎರಡನ್ನು ಜೋಡಿ ಮಾಡಿ, ನಡುವಿನ ತೂತಿಗೆ ಕಬ್ಬಿಣದ ಸರಳು ತೂರಿಸಿದ್ದ. ಒಂದು ತುದಿಯಲ್ಲಿ ನಮ್ಮಜ್ಜಿಯ ಕಲ್ಲು. ಇನ್ನೊಂದು ತುದಿಯಲ್ಲಿ — ಅದು.

"ರಾಗಿ ಬೀಸಾಕೆ ಬರಾಕಿಲ್ಲ, ಕಲ್ಲು ಎತ್ತಾಕೆ ಮಾತ್ರ ಬತ್ತದೆ ನಿಂಗೆ," ಅಂದಳು ಅವ್ವ.

"ನೀನು ಮುದ್ದೆ ಇಕ್ತಾ ಇರವ್ವ, ನಿನ್ನೂ ಎತ್ತೀನಿ!" ಎಂದು ನಕ್ಕವನು, ಕೂತು ಏಳುವಾಗ ಮೊಣಕಾಲು ಹಿಡಿದುಕೊಂಡ. "ಯಾಕೋ ಚಳಕ್ ಅಂತು ಕಣಕ್ಕ."

ನಾವು ಮೂವರೂ ನಕ್ಕೆವು.

ಆ ಎರಡನೆಯ ಕಲ್ಲಿನ ಕಥೆ ಇಷ್ಟೆ. ಒಂದೇ ಕಲ್ಲಿದ್ದರೆ ಸರಳು ವಾಲುತ್ತದೆ, ಜೋಡಿ ಬೇಕು ಎಂದು ಅವನು ನನ್ನನ್ನು ಕಾಡುತ್ತಿದ್ದ. ಅತ್ತೆಯ ಹಿತ್ತಲಲ್ಲಿ ಬೀಸುವ ಕಲ್ಲು ಸುಮ್ಮನೆ ಕೂತಿತ್ತು. ಕೇಳಿದರೆ ಕೊಡುತ್ತಿರಲಿಲ್ಲ — ಅತ್ತೆ ಹಬ್ಬಕ್ಕೆ ಅದಕ್ಕೆ ಅರಿಸಿನ ಕುಂಕುಮ ಇಡುವವರು. ಮೇಲಿನ ಕಲ್ಲನ್ನು ಗೋಣಿಗೆ ತುಂಬಿ, ಗೂಡ್ಸ್ ಆಟೋದಲ್ಲಿ ತಂದು, ತವರಿನ ಬೀದಿಯಲ್ಲಿ ಹಾಳುಬಿದ್ದಿದ್ದ ಪುಟ್ಟಮ್ಮಜ್ಜಿಯ ಮನೆಯ ಪಡಸಾಲೆಯಲ್ಲಿ ಇಳಿಸಿದೆ. ಅಜ್ಜಿ ಬೀದಿಗೆಲ್ಲ ರಾಗಿ ಬೀಸಿಕೊಡುತ್ತಿದ್ದವಳು. ಸತ್ತ ಮೇಲೆ ಮಕ್ಕಳು ಮನೆ ಬಿಟ್ಟು ಹೋಗಿದ್ದರು. ಆಮೇಲೆ, ಕದ್ದದ್ದು ಅವನಿಗೂ ಗೊತ್ತಾಗದಿರಲೆಂದು, ಲೋಕೇಶನನ್ನು ಕರೆದು, ಅಲ್ಲೊಂದು ಕಲ್ಲು ಬಿದ್ದಿದೆ ಎಂದೆ.

"ಅಜ್ಜಿ ಬಯ್ಯಲ್ವಾ ಅಕ್ಕ?"

"ಸತ್ತೋರು ಯಾಕ್ಲಾ ಬಯ್ತಾರೆ? ಎತ್ಕ ನಡಿ."

ಅತ್ತ ಅರಕಲಗೂಡಿನಲ್ಲಿ ಅತ್ತೆ, "ಮನೆ ಲಕ್ಷ್ಮೀನೇ ಒಂಟೋದ್ಲು," ಎಂದು ಗುಜರಿಯವರನ್ನು ಶಪಿಸಿದರು. ನಾನೂ ಜೊತೆಗೂಡಿ ಶಪಿಸಿದೆ.

ಮೊಣಕಾಲಿನ ನೋವು ಹೋಗಲಿಲ್ಲ. ಭಾರ ಎತ್ತಿದ್ದಕ್ಕೆ ಎಂದುಕೊಂಡು ಎಣ್ಣೆ ತಿಕ್ಕಿದ, ಪಟ್ಟಿ ಕಟ್ಟಿದ. ಮಲಗಿದರೂ ನೋವು, ಕೂತರೂ ನೋವು. ಅವ್ವ ಒಂದು ದಿನ ಕೇಳಿದಳು, ಆ ಇನ್ನೊಂದು ಕಲ್ಲು ಎಲ್ಲಿಯದು ಎಂದು. ಅವನು ಹೇಳಿಬಿಟ್ಟ. ಸತ್ತವಳ ಕಲ್ಲು ಎತ್ತಿದ್ದಕ್ಕೇ ಈ ನೋವು ಎಂದಳು ಅವ್ವ.

ಅವತ್ತೇ ಕಲ್ಲು ಹಾಳುಮನೆಗೆ ಹೋಯಿತು. ಅರಿಸಿನ, ಹೂವು, ಒಡೆದ ತೆಂಗಿನಕಾಯಿ. ಫೋನಿನಲ್ಲಿ ಅವ್ವ ಇದನ್ನೆಲ್ಲ ಹೇಳುವಾಗ ನಾನು ಹೂಂಗುಟ್ಟಿದೆ. ಭಾರ ಎತ್ತುವುದನ್ನು ಬಿಟ್ಟಿದ್ದಕ್ಕೋ ಏನೋ, ನೋವು ಸ್ವಲ್ಪ ಇಳಿಯಿತು. "ನೋಡ್ದಾ, ಅಜ್ಜಿ ಮನ್ಸು ಕರಗ್ತು," ಅಂದಳು ಅವ್ವ. ಆಮೇಲೆ ಕಾಲು ಊದಿತು. ಆಸ್ಪತ್ರೆಯ ಮಾತು ಬಂದಾಗಲೆಲ್ಲ ಇನ್ನೊಂದು ಪೂಜೆ ಮುಂದೆ ಬಂತು. ನಾನು ನಿಜ ಹೇಳಿದ್ದರೆ — ಅತ್ತೆಗೆ ಗೊತ್ತಾಗುತ್ತಿತ್ತು. ನಾನು ಹೆದರಿದ್ದು ಅಷ್ಟಕ್ಕೇ.

ಮುಂದಿನ ಸಲ ಬಂದಾಗ ನಡುಮಧ್ಯಾಹ್ನ. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಹಾಳುಮನೆಯ ಮುಂದೆ ಹಾಯುವಾಗ ಒಳಗಿಂದ ಗರಗರ ಸದ್ದು ಕೇಳಿಸಿತು — ಬೀಸುವ ಸದ್ದು. ನಾನು ಅಲ್ಲೇ ನಿಂತೆ. ಆ ಕಲ್ಲು ಅಜ್ಜಿಯದಲ್ಲ ಎಂದು ಗೊತ್ತಿದ್ದವಳು ಲೋಕದಲ್ಲಿ ನಾನೊಬ್ಬಳೇ. ಆದರೂ ಅಜ್ಜಿಯೇ ಬೀಸುತ್ತಿದ್ದಾಳೆ ಅನ್ನಿಸಿತು.

ಬಗ್ಗಿ ನೋಡಿದೆ. ಲೋಕೇಶ. ಊದಿದ ಕಾಲನ್ನು ಚಾಚಿ ಕೂತು, ಕಾಳಿಲ್ಲದೆ, ಕೆಳಗಿನ ಕಲ್ಲೂ ಇಲ್ಲದೆ, ಬರಿ ನೆಲದ ಮೇಲೆ ಆ ಕಲ್ಲನ್ನು ತಿರುಗಿಸುತ್ತಿದ್ದ. ಮುಖ ಬೆವರಿತ್ತು. ಎಷ್ಟು ಸಣ್ಣಗಾಗಿದ್ದ!

"ಅಜ್ಜಿಗೆ ಬೀಸ್ಕೊಟ್ರೆ ಬುಟ್ಬುಡ್ತಾಳಂತೆ ಅಕ್ಕ. ಅವ್ವ ಅಂದ್ಲು."

"ಲೋಕಿ, ಆ ಕಲ್ಲು..."

ಅವನು ತಲೆಯೆತ್ತಿದ. "ಏನಕ್ಕ?"

"ಏನಿಲ್ಲ ಕಣೋ."

ಅವನು ಮತ್ತೆ ತಿರುಗಿಸತೊಡಗಿದ. ನಾನು ಬಾಗಿಲಲ್ಲಿ ನಿಂತು ನೋಡಿದೆ.

ಜ್ವರ ಬಂದ ಮೇಲೆ ಹಾಸನಕ್ಕೆ ಕರೆದುಕೊಂಡು ಹೋದೆವು. ಮೂಳೆಯ ಕ್ಯಾನ್ಸರ್, ಆಗಲೇ ಎದೆಗೂ ಹಬ್ಬಿತ್ತು. "ಭಾರ ಎತ್ತಿದ ನೋವಾಗಿದ್ರೆ ರೆಸ್ಟ್ ತಗೊಂಡ್ರೆ ಕಮ್ಮಿ ಆಗ್ತಾ ಬರುತ್ತೆ. ಮಲಗಿದಾಗ್ಲೂ ಕಾಡೋ ನೋವು ಅಂದ್ರೆ ಆವತ್ತೇ ಕರ್ಕೊಂಡು ಬರ್ಬೇಕಿತ್ತಮ್ಮ," ಅಂದರು ಡಾಕ್ಟರು. ಆವತ್ತೇ ಬಂದಿದ್ದರೆ ಉಳಿಯುತ್ತಿದ್ದನೇ ಎಂದು ಕೇಳಲಿಲ್ಲ. ಉಳಿಯುತ್ತಿರಲಿಲ್ಲ ಎಂದುಬಿಟ್ಟರೆ ನನಗೆ ಸಮಾಧಾನವಾಗಿಬಿಡುತ್ತಿತ್ತು. ಆ ಸಮಾಧಾನ ನನಗೆ ಬೇಡ. ಕೊನೆಯ ದಿನಗಳಲ್ಲಿ, ಮಂಪರಿನಲ್ಲಿ, ಅವನ ಬಲಗೈ ಹಾಸಿಗೆಯ ಮೇಲೆ ದುಂಡಗೆ ಸುತ್ತುತ್ತಿತ್ತು. ನರ್ಸು ಏನೆಂದು ಕೇಳಿದರು. ಗೊತ್ತಿಲ್ಲ ಎಂದೆ.

ತಿಥಿ ಕಳೆದ ಮೇಲೆ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. "ಸುಮ್ಕಿರೇ! ಅಜ್ಜಿ ಕೇಳಿಸ್ಕಬುಟ್ಟಾಳು." ಎಷ್ಟು ಹೇಳಿದರೂ ಅಷ್ಟೇ. ನನ್ನ ಸುಳ್ಳನ್ನು ನಾನೇ ವಾಪಸು ಪಡೆಯಲಾಗಲಿಲ್ಲ.

ಕಲ್ಲನ್ನಾದರೂ ಹಿಂದಿರುಗಿಸೋಣವೆಂದು ಹಾಳುಮನೆಗೆ ಹೋದೆ. ಅದು ಅಲ್ಲಿರಲಿಲ್ಲ. ನೆಲದ ಮೇಲೆ ದುಂಡನೆಯ ಗುರುತು ಮಾತ್ರ. ಸುತ್ತ ಧೂಳು ಕೂತಿತ್ತು, ಗುರುತಿನೊಳಗೆ ಇರಲಿಲ್ಲ. ಬೀದಿಯಲ್ಲಿ ಎಲ್ಲರನ್ನೂ ಕೇಳಿದೆ. ಆ ಮನೆಯೊಳಕ್ಕೆ ಯಾರು ಹೋಗ್ತಾರೆ ತಾಯಿ, ಎಂದರು. ಅವ್ವ ಈಗಲೂ ಮಧ್ಯಾಹ್ನ ಹೋಗಿ ಆ ಗುರುತಿನ ಮುಂದೆ ದೀಪ ಇಟ್ಟು ಬರುತ್ತಾಳೆ. ನಮ್ಮ ಅಂಗಳದಲ್ಲಿ ಸರಳು ನಮ್ಮಜ್ಜಿಯ ಕಲ್ಲಿನ ಕಡೆಗೆ ವಾಲಿಕೊಂಡಿದೆ.

ಕಳೆದ ವಾರ ಅತ್ತೆಗೂ ಹೇಳಿದೆ. ಬಯ್ಯಲಿ ಎಂದು ಕಾದೆ. ಅವರು ಎದ್ದು ಒಳಗೆ ಹೋದರು.

ಹಿತ್ತಲಲ್ಲಿ ಕೆಳಗಿನ ಕಲ್ಲು ಇದೆ. ಮೇಲಿನದು ಇನ್ನೂ ಸಿಕ್ಕಿಲ್ಲ.