ಅಯಸ್ಕಾಂತ ಆಡಿಸಿದ ಪುಡಿ

…ಪುಡಿ ಹಸಿರಾಗಿತ್ತು, ಅದು ಖಚಿತ. ಅದರಲ್ಲಿ ಕರಿಚುಕ್ಕೆಗಳಿದ್ದವೇ? ಮೊದಲ ಸಲ ನಾನೇ ಕಂಡಿದ್ದೆನೋ, ಆಚಾರ್ರು ಹೇಳಿದ ಮೇಲೆ ಕಂಡಂತೆ ನೆನಪು ಹುಟ್ಟಿತೋ, ಈಗ ಬೇರ್ಪಡಿಸಲಾರೆ.

ಆಗ ನಾನು ಮೈಸೂರಿನ ಪ್ರಯೋಗಾಲಯವೊಂದರಲ್ಲಿ ವಿ.ಎಸ್.ಎಂ. ಯಂತ್ರ ನೋಡಿಕೊಳ್ಳುತ್ತಿದ್ದೆ. ಚಿಟಿಕೆ ಪುಡಿಯನ್ನು ಕಾಂತಕ್ಷೇತ್ರದಲ್ಲಿ ಅದುರಿಸಿ, ಅದರ ಕಾಂತತ್ವ ಎಷ್ಟೆಂದು ಅಳೆಯುವ ಯಂತ್ರ ಅದು. ನಾಗಮಂಗಲದ ಅಕ್ಕಸಾಲಿ ಆಚಾರ್ರ ಮಗಳು ಮಮತಾ ಪಾಂಡವಪುರದ ಕಡೆಯ ಕಾಲೇಜೊಂದರಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಕೋಬಾಲ್ಟ್ ಬೆರೆಸಿದ ಜಿಂಕ್ ಆಕ್ಸೈಡ್ ನ್ಯಾನೊ ಕಣಗಳನ್ನು ಕಾಯಿಸಿದರೆ ಏನಾಗುತ್ತದೆ ಎಂಬುದು ಅವಳ ವಿಷಯ. ಕಡಿಮೆ ಕಾವಿನಲ್ಲಿ ಕೋಬಾಲ್ಟ್ ಸತುವಿನ ಜಾಗದಲ್ಲಿ ತೆಪ್ಪಗೆ ಕೂತಿರುತ್ತದೆ. ಕಾವು ಏರಿದಂತೆ ಕಣಗಳು ದಪ್ಪವಾಗುತ್ತವೆ. ಆಮ್ಲಜನಕ ಸಾಲದಿದ್ದರೆ ಕೋಬಾಲ್ಟ್ ಜಾಗ ಬಿಟ್ಟೆದ್ದು ಗಂಟುಗಟ್ಟಬಹುದು. ಆ ಗಂಟಿಗೆ ಕಾಂತತ್ವವಿದೆ.

ಎಂಟುನೂರು ಡಿಗ್ರಿಯಲ್ಲಿ ಕಾಯಿಸಿದ ಮೊದಲ ಪುಡಿ ಪರದೆಯ ಮೇಲೆ ಚೆಂದದ ಕುಣಿಕೆ ಬರೆಯಿತು, ಕಾಂತತ್ವ ಇದೆಯೆಂಬುದರ ಗುರುತು. ಇನ್ನೊಮ್ಮೆ ಹಾಗೇ ಬಂದರೆ ಪ್ರಬಂಧಕ್ಕೆ ಸಹಿ ಎಂದರು ಅವಳ ಗೈಡ್. ನೋಂದಣಿಯ ಅವಧಿ ಆ ವಾರ ಮುಗಿಯುತ್ತಿತ್ತು. ಎರಡನೆಯ ಪುಡಿಯನ್ನು ಕಾಯಿಸಿ, ರಾತ್ರಿ ಮನೆಯಲ್ಲಿದ್ದು, ಬೆಳಗಿನ ಬಸ್ಸಿಗೆ ತಂದಳು. ಅಳೆದೆ. ಕುಣಿಕೆಯಿಲ್ಲ, ಸಪಾಟು ಗೆರೆ.

"ಮೊದಲ್ನೇದು ಎಲ್ಲಿಂದ ತಂದಿದ್ದೆ ತಾಯಿ, ಸಂತೇಲಾ?" ಎಂದರು, ಅಳತೆ ನೋಡಲು ಬಂದಿದ್ದ ಗೈಡ್.

ಅವಳು ಮನೆಗೆ ಫೋನ್ ಮಾಡಿದಳು. ಸ್ಪೀಕರ್ ಹಾಕು ಎಂದರು ಗೈಡ್.

"ಅಪ್ಪಾ, ನನ್ನ ಸೀಸೆ ಮುಟ್ಟಿದ್ಯಾ?"

"ಊಂ ಕಣವ್ವ. ಕರೀ ಚುಕ್ಕೆ ಕಂಡ್ವು. ಅರದ ಕಬ್ಬಿಣ ಬಿದ್ದದೇನೋ ಅಂತ ಮ್ಯಾಗ್ನೆಟ್ ಆಡಿಸ್ದೆ. ಅಂಟ್ಕಂಡು ಬಂದ್ಬುಟ್ಟೊ. ಈಗ ಸುದ್ದವಾಗದೆ ಬುಡು."

ಚಿನ್ನವನ್ನು ಅರದಿಂದ ಉಜ್ಜಿದಾಗ ಬೀಳುವ ಪುಡಿಯನ್ನು ಕರಗಿಸುವ ಮುಂಚೆ, ಅರದಿಂದ ಉದುರಿದ ಕಬ್ಬಿಣ ತೆಗೆಯಲು ಅಕ್ಕಸಾಲಿಗರು ಮಾಡುವುದೇ ಹಾಗೆ.

ಗೈಡ್ ನಕ್ಕರು. "ನಿಮ್ಮಪ್ಪ ನಿನ್ ಪಿಎಚ್.ಡಿ.ನೇ ಸೋಸಿ ಎಸೆದವ್ನೆ ಕಣಮ್ಮ!"

ಆಚಾರ್ರಿಗೆ ಅದು ಕೇಳಿಸಿತು. "ಎಸ್ದಿಲ್ಲ ಸಾ. ಅಕ್ಕಸಾಲಿ ಮನೆ ಕಸ ಎಸೀತಾನಾ? ತತ್ತೀನಿ ಇರಿ."

ಮಧ್ಯಾಹ್ನ ಬಂದರು, ಎದೆಗವುಚಿಕೊಂಡ ತಗಡಿನ ಡಬ್ಬಿಯೊಡನೆ. ಚಿನ್ನದ ಕಣ ಸಿಕ್ಕೀತೆಂದು ಕೂಡಿಟ್ಟ ಕಸ: ಅರದ ಕಬ್ಬಿಣ, ಇದ್ದಿಲ ಬೂದಿ, ನೆಲದ ಮಣ್ಣು. ಅಯಸ್ಕಾಂತ ಎತ್ತಿದ್ದೂ ಅದರೊಳಗೇ ಬೆರೆತಿತ್ತು.

"ಅಳೀರಿ ಸಾರ್, ನೋಡ್ಲಿ," ಎಂದರು ಗೈಡ್. ಅಳೆದೆ. ಗೆರೆ ಪರದೆಯ ಅಂಚು ಮೀರಿ ಎದ್ದಿತು.

"ಬಂತಲ್ಲವ್ವಾ!" ಆಚಾರ್ರು ಕೈಮುಗಿದರು. ಗೈಡ್ ಅವರನ್ನು ಸಾಕಷ್ಟು ಹೊತ್ತು ಸಂತೋಷಪಡಲು ಬಿಟ್ಟರು.

"ಅದು ನಿನ್ ಅರ ಕಣಯ್ಯ. ಒಂದು ಮೊಳೆ ಮಡಗಿದ್ರೂ ಇಂಗೇ ಬತ್ತದೆ."

"ಇನ್ನೊಂದ್ಸಲ ಕಾಯಿಸ್ತೀನಿ ಸಾರ್," ಎಂದಳು ಮಮತಾ.

"ಕಾಯ್ಸು. ಒಲೆ ಮನೇಲೇ ಅದೆಯಲ್ಲ."

ಸಹಿ ಬೀಳಲಿಲ್ಲ. ಬಾಗಿಲ ಬಳಿ ಅವಳು ಅಪ್ಪನಿಗೆ, "ಮುಟ್ಟು ಅಂತ ಯಾರ್ ಹೇಳಿದ್ರು ನಿಂಗೆ?" ಎಂದಳು. ಅಷ್ಟು ಜೋರಾಗಿ ಅಂದಳೇ, ಅದೂ ಅನುಮಾನ. ಆಚಾರ್ರು ಡಬ್ಬಿಯ ಮುಚ್ಚಳವನ್ನು ಮತ್ತೆ ಮತ್ತೆ ಒತ್ತಿ ಭದ್ರಪಡಿಸುತ್ತಿದ್ದುದು ಮಾತ್ರ ಸುಳ್ಳಲ್ಲ.

ಯಂತ್ರ ಎಷ್ಟು ಎಂದು ಹೇಳುತ್ತದೆ, ಯಾವುದರದ್ದು ಎಂದು ಹೇಳುವುದಿಲ್ಲ. ಕೆಲಸ ಕಲಿಸಿದ್ದು ಇಷ್ಟೇ. ಆಚಾರ್ರ ಅಯಸ್ಕಾಂತಕ್ಕೆ ಅಂಟಿದ್ದು ಕಬ್ಬಿಣವಾಗಿದ್ದರೆ ಮೊದಲ ಕುಣಿಕೆಯೂ ಅದರದ್ದೇ ಇದ್ದೀತು, ಮಗಳ ಪ್ರಬಂಧದಲ್ಲಿ ಮೊದಲಿಂದಲೂ ಹುರುಳಿರಲಿಲ್ಲ. ಪುಡಿ ಕಾಯಿಸುವಾಗ ಗಂಟುಗಟ್ಟಿದ ಕೋಬಾಲ್ಟ್ ಆಗಿದ್ದರೆ ಅವಳು ಹುಡುಕಿದ್ದೇ ಅದು, ಅದನ್ನೇ ಅವರು ತೆಗೆದರು. ಎರಡರಲ್ಲಿ ಯಾವುದೆಂದು ನನಗೆ ಗೊತ್ತಿಲ್ಲ.