ಪುರಂಬೋಕು ಹುಣಸೆಮರದ ಮಾವಿನ ಹೊಗೆ

ನಂಗವಳ್ಳಿಯಿಂದ ತಾರಮಂಗಲಂ ಕಡೆಗೆ ಹೋಗುವಾಗ ಎಡಕ್ಕೆ ತಿರುಗಿದರೆ ನಮ್ಮೂರು. ದಾರಿ ತಪ್ಪುವ ಭಯವೇ ಇರಲಿಲ್ಲ, ಅಣ್ಣಯ್ಯಪ್ಪನ ಕೆಮ್ಮು ಮೇನ್ ರೋಡಿನವರೆಗೂ ಬಂದು ಕರೆದುಕೊಂಡು ಹೋಗುತ್ತಿತ್ತು. ಬೆಳಿಗ್ಗೆ ಆತ ಎದ್ದು ಮೊದಲ ಸಲ ಕೆಮ್ಮಿದನೆಂದರೆ ಊರಿನ ಹುಂಜಗಳು 'ಇವತ್ತೂ ತಡವಾಯಿತಲ್ಲ' ಎಂದು ನಾಚಿ, ಕೂಗದೆ ಹಾಗೇ ಮೇಯಲು ಹೋಗುತ್ತಿದ್ದವು. ಹೊಗೆಸೊಪ್ಪಿನ ಸುರುಟ್ಟು ಸೇದುವುದರಲ್ಲಿ ಆತನನ್ನು ಮೀರಿಸುವವರು ಸೇಲಂ ಜಿಲ್ಲೆಯಲ್ಲಿ ಹುಟ್ಟಿರಲಿಲ್ಲ. ಧರ್ಮಪುರಿಯಲ್ಲಿ ಒಬ್ಬ ಹುಟ್ಟಿದ್ದನಂತೆ, ಬಾಳಲಿಲ್ಲ. ಮರಗೆಣಸಿನ ಹೊಲದ ಈ ಬದುವಿನಲ್ಲಿ ಕೂತು ಅಣ್ಣಯ್ಯಪ್ಪ ಒಂದು ಹಚ್ಚಿದರೆ ಆ ಬದುವಿನಲ್ಲಿರುವ ಎತ್ತು ಮೋಡ ಕವಿಯಿತೆಂದು ತಾನೇ ಕೊಟ್ಟಿಗೆಗೆ ಹೊರಡುತ್ತಿತ್ತು.

ಇದು ಬರೀ ಚಟವಾಗಿದ್ದರೆ ಬರೆಯುವ ಕೆಲಸ ನನಗಿರಲಿಲ್ಲ. ಅಣ್ಣಯ್ಯಪ್ಪನಿಗೆ ಸುರುಟ್ಟು ಮನೆತನದ ಹಕ್ಕು. ಊರಾಚೆ ನಮ್ಮ ಮುನಿಯಪ್ಪ ಕೂತಿದ್ದಾನೆ: ದೊಡ್ಡ ಕಣ್ಣು, ಅದಕ್ಕಿಂತ ದೊಡ್ಡ ಮೀಸೆ, ಕೈಯಲ್ಲಿ ಕತ್ತಿ. ಬೇರೆ ದೇವರುಗಳಿಗೆ ಹಾಲು, ಹಣ್ಣು. ಈತನಿಗೆ ಆಡಿ ತಿಂಗಳ, ಎಂದರೆ ಆಷಾಢದ, ಪೂಜೆಯಲ್ಲಿ ಸುರುಟ್ಟಿನ ಎಡೆ. ಅದನ್ನು ಸುಮ್ಮನೆ ಎದುರಿಗಿಟ್ಟರೆ ಮುನಿಯಪ್ಪ ಒಪ್ಪುವವನಲ್ಲ. ಅಣ್ಣಯ್ಯಪ್ಪನ ಮನೆಯವರು ಹಚ್ಚಿ, ತಮ್ಮ ಬಾಯಲ್ಲೇ ಎಳೆದು ತುದಿ ಕೆಂಪಾಗಿಸಿ, ಆಮೇಲೆ ದೇವರ ತುಟಿಗೆ ಸಿಕ್ಕಿಸಬೇಕು. ಎಂಜಲು ಎಂಬ ಮಾತೇ ಅಲ್ಲಿಲ್ಲ. ಸ್ನೇಹಿತರ ನಡುವೆ ಎಂಜಲೆಲ್ಲಿಯದು? ಹೊಗೆ ನೆಟ್ಟಗೆ ಮೇಲೆದ್ದರೆ ಆ ವರ್ಷ ಕಡಲೆಕಾಯಿ ಬೆಳೆ ಚೆನ್ನ. ಅಪ್ಪ ಹಚ್ಚಿದ್ದ, ತಾತ ಹಚ್ಚಿದ್ದ, ಈಗ ಅಣ್ಣಯ್ಯಪ್ಪ ಹಚ್ಚುತ್ತಿದ್ದ. ಆ ಒಂದು ದಿನ ಊರೇ ಆತನ ತುಟಿಯನ್ನು ನೋಡುತ್ತಾ ನಿಲ್ಲುತ್ತಿತ್ತು. ಉಳಿದ ದಿನಗಳಲ್ಲಿ ಆತನನ್ನು ನೋಡುವವರು ಎತ್ತು ಮತ್ತು ಹೆಂಡತಿ ಮಾತ್ರ.

ಹೆಂಡತಿ ಮುತ್ಯಾಲಮ್ಮ ಒಂದು ದಿನ ಆತನನ್ನು ಮೇಟೂರಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ತಿರುಗಿಸಿ ಹಿಡಿದು, ಕೊನೆಗೆ "ಇದು ಎದೆಯಾ, ಬೆಲ್ಲ ಕಾಯಿಸುವ ಒಲೆಯಾ?" ಎಂದರು. ಆಕೆ ಅಲ್ಲಿಂದ ಮನೆಗೆ ಬರಲಿಲ್ಲ. ನೇರ ಮಾದಪ್ಪನ ಬೆಟ್ಟಕ್ಕೆ ಬಸ್ಸು ಹತ್ತಿಸಿದಳು. ನಮ್ಮ ಕಡೆ ಚಟ ಬಿಡಿಸಲು ದೇವರ ಮುಂದೆ ಕೈಗೆ ದಾರ ಕಟ್ಟುತ್ತಾರೆ. ದಾರ ಇರುವವರೆಗೆ ಮಾತು ಮೀರುವಂತಿಲ್ಲ, ಮೀರಿದರೆ ದೇವರೇ ನೋಡಿಕೊಳ್ಳುತ್ತಾನೆ.

"ಬೆಂಕಿ ಮುಟ್ಸಿದ್ದು ಯಾವ್ದೂ ತುಟಿಗ್ ಮುಟ್ಸಲ್ಲ ಅಂತ ಏಳು," ಎಂದಳು ಮುತ್ಯಾಲಮ್ಮ.

"ಮುದ್ದೆ? ಅದೂ ಬೆಂಕಿ ಮುಟ್ಟಿದ್ದೇ ತಾನೆ?" ಎಂದ ಅಣ್ಣಯ್ಯಪ್ಪ.

ಪೂಜಾರಿ ಯೋಚಿಸಿ ತಿದ್ದಿದ: "ಬೆಂಕಿ ಅತ್ತಿ ಉರಿಯೋದು ಯಾವ್ದೂ ತುಟಿಗ್ ಮುಟ್ಸಲ್ಲ ಅನ್ನಪ್ಪ, ಸಾಕು." ಹಾಗೇ ಹರಕೆ ಆಯಿತು. ದಾರ ಬಿತ್ತು.

ಮೊದಲು ಕುಣಿದವನು ದಾಯಾದಿ ಗೋಪಾಲಪ್ಪ. ಅಣ್ಣಯ್ಯಪ್ಪನ ಚಿಕ್ಕಪ್ಪನ ಮಗ. ಹುಟ್ಟಿದಾಗಿನಿಂದ ಆತನಿಗೆ ಇದ್ದ ಒಂದೇ ಆಸೆ, ಮುನಿಯಪ್ಪನ ಸುರುಟ್ಟು ತಾನು ಹಚ್ಚಬೇಕೆಂಬುದು. ತೊಟ್ಟಿಲಲ್ಲೇ ಬೆಂಕಿಪೊಟ್ಟಣ ಕೇಳಿ ಅತ್ತವನು ಅವನು.

"ಅಣ್ಣಾ," ಎಂದ ಟೀ ಅಂಗಡಿಯ ಬೆಂಚಿನ ಮೇಲೆ ಹತ್ತಿರ ಸರಿದು, "ನೀನು ಮಾದಪ್ಪನ ಕೈಗ್ ಸಿಕ್ಕಾಕ್ಕೊಂಡೆ. ಮುನಿಯಪ್ಪ ಒಗೆ ಇಲ್ದೆ ಕೂರ್ಬೇಕಾ? ಅಕ್ಕು ನಂಗೆ ಬುಡು."

"ನಿನ್ ಬಾಯ್ಗೆ ಬೀಡೀನೇ ನಿಲ್ಲಲ್ಲ, ಸುರುಟ್ಟು ನಿಲ್ತದಾ? ಓಗ್ಲಾ," ಎಂದ ಅಣ್ಣಯ್ಯಪ್ಪ. ಬಾಯಿಯೇನೋ ಜೋರು, ಲೆಕ್ಕ ಮಾತ್ರ ತಾಳೆಯಾಗಲಿಲ್ಲ. ಒಬ್ಬ ದೇವರ ಮಾತು ಉಳಿಸಿದರೆ ಇನ್ನೊಬ್ಬ ದೇವರ ಹಕ್ಕು ಹೋಗುತ್ತದೆ, ಅದೂ ಗೋಪಾಲಪ್ಪನಿಗೆ.

ಆಗ ಬಂದ ತಂಗಿಯ ಮಗ ಶಿವಾ, ಲಾರಿ ಡ್ರೈವರ್. ಮುಂಬೈ ಲೋಡು ಇಳಿಸಿ ಬಂದವನು ಜೇಬಿನಿಂದ ಪೆನ್ನಿನಂಥದೊಂದನ್ನು ತೆಗೆದು ಮಾವನ ಕೈಗಿಟ್ಟ.

"ಕರೆಂಟ್ ಸುರುಟ್ಟು ಮಾವಾ. ಫೋನ್ ತರಾ ಚಾರ್ಜ್ ಆಕು, ಎಳಿ. ಒಳಗಡೆ ರಸ ಐತೆ, ಅದೇ ಒಗೆ ಆಗ್ತದೆ. ಬೆಂಕಿ ಇಲ್ಲ, ಬೂದಿ ಇಲ್ಲ."

"ಬೆಂಕಿ ಇಲ್ವಾ?"

"ಕಿಡೀನೂ ಇಲ್ಲ."

ಅಣ್ಣಯ್ಯಪ್ಪ ಎಳೆದ. ಬಿಟ್ಟ. ಬಾಯಿಂದ ಬಿಳಿ ಮೋಡವೊಂದು ಹೊರಟು ತೆಂಗಿನ ಗರಿ ಮುಟ್ಟಿತು. ಮಾವಿನ ಸೀಸನ್ ಮುಗಿದು ತಿಪ್ಪೆಯಲ್ಲಿ ವಾಟೆಗಳು ಮೊಳೆಯುತ್ತಿದ್ದ ಕಾಲ. ಅಂಥದರಲ್ಲಿ ಮನೆಯ ತುಂಬ ಮಲಗೋವ ಹಣ್ಣಿನ ವಾಸನೆ. ಪಕ್ಕದ ಮನೆಯ ಮಕ್ಕಳು ತಟ್ಟೆ ಹಿಡಿದು ಬಂದವಂತೆ.

ಅಣ್ಣಯ್ಯಪ್ಪ ಸೀದಾ ಊರಗೌಡ ರಾಮಚಂದ್ರಪ್ಪನ ಹತ್ತಿರ ಹೋಗಿ ತೀರ್ಪು ಕೇಳಿದ. ಗೌಡರು ಆ ಮೋಡವನ್ನು ಮೂಗಿನಿಂದ ಪರೀಕ್ಷಿಸಿ, ಇನ್ನೊಮ್ಮೆ ಬಿಡಿಸಿ ಪರೀಕ್ಷಿಸಿ, "ಒಗೆ ಒಗೇನೇ. ಮುನಿಯಪ್ಪನೂ ಎಷ್ಟ್ ವರ್ಸ ಅಂತ ಅದೇ ಸುರುಟ್ಟು ಸೇದ್ತಾನೆ? ಒಸದು ನೋಡ್ಲಿ," ಎಂದರು. ಹಕ್ಕು ಉಳಿಯಿತು.

ಮುತ್ಯಾಲಮ್ಮ ಒಂದೇ ಮಾತು ಹೇಳಿದಳು: "ಕೆಮ್ಮು ಏನು, ಬೆಂಕಿ ಐತಾ ಇಲ್ವಾ ಅಂತ ಕೇಳ್ಕೊಂಡು ಬತ್ತದಾ?" ಅದಕ್ಕೆ ಅಣ್ಣಯ್ಯಪ್ಪ ಕೆಮ್ಮಿಯೇ ಉತ್ತರ ಕೊಟ್ಟ.

ಗೋಪಾಲಪ್ಪ ಸೋತು ಕೂರುವ ಗಿರಾಕಿಯಲ್ಲ. ಮಗಳು ಜೀವಿತಾ ಸೇಲಂನಲ್ಲಿ ಲಾ ಕಾಲೇಜು ಓದುತ್ತಿದ್ದಳು. ರಜೆಗೆ ಬಂದವಳನ್ನು ಬ್ಯಾಗು ಇಳಿಸಲೂ ಬಿಡದೆ ಅಣ್ಣಯ್ಯಪ್ಪ ಕೂತಿದ್ದ ಟೀ ಅಂಗಡಿಗೆ ಕರೆತಂದ. ಆಕೆ ಫೋನು ತೆಗೆದು ಓದಿದಳು.

"ದೊಡ್ಡಪ್ಪಾ, ಇದು ಇಂಡಿಯಾ ಪೂರಾ ಬ್ಯಾನ್. ೨೦೧೯ರಿಂದ."

"ಅಷ್ಟ್ ವರ್ಸದಿಂದಾ? ನಂಗ್ಯಾರೂ ಏಳ್ಲಿಲ್ವಲ್ಲ!"

ಏನು ಮಾಡುವುದು, ಡೆಲ್ಲಿಯ ಕಾನೂನು ನಮ್ಮೂರಿಗೆ ನಡೆದುಕೊಂಡೇ ಬರುತ್ತದೆ. ದಾರಿಯಲ್ಲಿ ಸಿಕ್ಕ ಟೀ ಅಂಗಡಿಗಳಲ್ಲೆಲ್ಲ ಕೂತು, ಕಾಲು ನೀವಿಕೊಂಡು, ಮತ್ತೆ ಹೊರಡುತ್ತದೆ.

"ಇದನ್ನ ಮಾಡ್ಬಾರ್ದು, ಮಾರ್ಬಾರ್ದು, ಒರಗಡೆಯಿಂದ ತರ್ಬಾರ್ದು, ಸಾಗಿಸ್ಬಾರ್ದು, ಸ್ಟಾಕ್ ಇಡ್ಬಾರ್ದು. ಚೆನ್ನಾಗೈತೆ ಅಂತ ಅಡ್ವರ್ಟೈಸ್‌ಮೆಂಟೂ ಕೊಡ್ಬಾರ್ದು."

"ಸೇದ್ಬಾರ್ದು ಅಂತ ಐತಾ?"

ಜೀವಿತಾ ಪರದೆಯನ್ನು ಮೇಲೆ ಕೆಳಗೆ ಸರಿಸಿದಳು. "ಆ ಪದ ಇದ್ರಲ್ಲಿ ಇಲ್ಲ. ಆದ್ರೆ ಕೈಯಲ್ಲಿ ಇಟ್ಕೊಂಡ್ರೂ ತಪ್ಪೇ ಅಂತ ಸರ್ಕಾರ ಆಮೇಲೆ ಏಳೈತೆ."

"ಅಂಗಾದ್ರೆ ಸೇದ್ಬೋದು, ಇಟ್ಕೋಬಾರ್ದು."

"ಇಟ್ಕೊಳ್ದೆ ಎಂಗೆ ಸೇದ್ತೀಯ ದೊಡ್ಡಪ್ಪಾ?"

"ಅದು ನನ್ ಕಷ್ಟ ಕಣಮ್ಮ." ಆಮೇಲೆ ಸಿಟ್ಟು ಬಂತು. "ಅಲ್ಲಾ, ಬೆಂಕಿ ಸುರುಟ್ಟು ಅಂಗ್ಡೀಲಿ ನೇತಾಕವ್ರೆ, ಅದನ್ನ ಯಾವನೂ ಕೇಳಲ್ಲ. ಬೆಂಕಿ ಇಲ್ದಿರೋದು ಕಳ್ಳಮಾಲಾ? ಇದ್ಯಾವ ನ್ಯಾಯ?"

"ಅದೂ ಒಳ್ಳೇದು ಅಂತ ಯಾರ್ ಏಳವ್ರೆ? ಅದು ಆಗ್ಲೇ ಊರ್ ತುಂಬ ಒಕ್ಕೊಂಡೈತೆ, ಇದು ನುಗ್ಗೋಕ್ ಮುಂಚೆ ಬಾಗ್ಲು ಆಕವ್ರೆ. ನಮ್ ಕಾಲೇಜಲ್ಲಿ ಹುಡುಗ್ರು ಮಾವಿನಣ್ಣು, ಚಾಕ್ಲೇಟು ಅಂತ ಕದ್ದು ಎಳ್ಕೊಂಡು, ಆಮೇಲೆ ಬಿಡಾಕಾಗ್ದೆ ಒದ್ದಾಡ್ತಾವ್ರೆ."

ಗೋಪಾಲಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಕೇಳ್ಸ್ಕೊಂಡ್ಯಾ ಅಣ್ಣಾ? ಇನ್ನ್ ಅದು ನಿನ್ ಕೈಲಿ ಕಂಡ್ರೆ ಕೇಸು. ಪೂಜೆಗೆ ನಾನ್ ಮೀಸೆ ಟ್ರಿಮ್ ಮಾಡ್ಸ್ಕತೀನಿ."

ಮಾದಪ್ಪನ ಹರಕೆಯಲ್ಲಿ ಸಂದು ಹುಡುಕಿದವನಿಗೆ ಡೆಲ್ಲಿಯ ಕಾನೂನು ಯಾವ ಲೆಕ್ಕ? ಊರ ಹೊರಗೆ, ಮುನಿಯಪ್ಪನ ಗುಡಿಗೆ ಹೋಗುವ ದಾರಿಯಲ್ಲಿ, ಒಂದು ಹಳೇ ಹುಣಸೆಮರ ಇದೆ. ಅದು ನಿಂತಿರುವುದು ಪುರಂಬೋಕಿನಲ್ಲಿ, ಎಂದರೆ ಯಾರ ಪಟ್ಟಾಕ್ಕೂ ಸೇರದ ಸರ್ಕಾರದ ಜಾಗದಲ್ಲಿ. ಅಣ್ಣಯ್ಯಪ್ಪ ಅದರ ಪೊಟರೆಯೊಳಗೆ ಕರೆಂಟು ಸುರುಟ್ಟನ್ನು, ಬಾಯಿ ಹೊರಕ್ಕೆ ಬರುವಂತೆ, ತೆಂಗಿನ ನಾರಿನಿಂದ ಬಿಗಿದು ಕೂರಿಸಿದ. ಚಾರ್ಜಿಗೆ ಶಿವಾ ಕೊಟ್ಟ ಪವರ್ ಬ್ಯಾಂಕೂ ಅಲ್ಲೇ ಸಂಸಾರ ಹೂಡಿತು. ಹೊಲಕ್ಕೆ ಹೋಗುವಾಗ, ಬರುವಾಗ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಮರದ ಮುಂದೆ ನಿಂತು, ಪೊಟರೆಗೆ ಬಾಯಿಟ್ಟು ಎಳೆಯುವುದು. ಮುಟ್ಟುವುದೇ ಇಲ್ಲ!

"ಇಟ್ಕೊಂಡಿರೋದು ಸರ್ಕಾರ," ಎಂದ ಶಿವಾನಿಗೆ. "ನಾನು ಬರೀ ಉಸಿರಾಡ್ತೀನಿ. ಅದಕ್ಕೂ ಕೇಸ್ ಆಕ್ತಾರಾ?"

ಸರ್ಕಾರ ಹೀಗೆ ಗುಟ್ಟಾಗಿ ಇಟ್ಟುಕೊಂಡದ್ದನ್ನು ಕಂಡುಹಿಡಿದದ್ದು ಮೇಕೆ ಮೇಯಿಸುವ ಮಂಗಮ್ಮನ ಮೂಗು. ಆಡಿ ಗಾಳಿಯಲ್ಲಿ ನೆರಳಿಗೆಂದು ಮರದ ಬುಡದಲ್ಲಿ ಕೂತವಳಿಗೆ ಗಮ್ಮೆಂದು ಮಾವಿನಹಣ್ಣಿನ ವಾಸನೆ. ತಲೆ ಎತ್ತಿದರೆ ಹುಣಸೆಕಾಯಿ. ಮೂಸಿದರೆ ಮಲಗೋವ. ಸಂಜೆಯೊಳಗೆ ಮರಕ್ಕೆ ಅರಿಶಿನ ಬಿತ್ತು, ಕುಂಕುಮ ಬಿತ್ತು. ಶುಕ್ರವಾರ ಅಮ್ಮನವರೆಂದು ಹಳದಿ ಸೀರೆ ಉಡಿಸಿದರು. ಆಮೇಲೆ ನಲ್ಲಂಪಳ್ಳಿ ಕಡೆಯಿಂದ ವ್ಯಾನು ಮಾಡಿಕೊಂಡು ಜನ ಬಂದರು. ಮೂಗು ಕಟ್ಟಿದವರು ಬಂದು ಮೂಗು ಬಿಡಿಸಿಕೊಂಡು ಹೋದರಂತೆ. ಜಗಳವಾಡಿದ ಸೊಸೆಯೊಬ್ಬಳು ಮರ ಮೂಸಿದ ಕೂಡಲೇ ಅತ್ತೆಯನ್ನು ಅಪ್ಪಿಕೊಂಡಳಂತೆ. ಹುಣಸೆಮರಕ್ಕೂ ಇದರಿಂದ ಸ್ವಲ್ಪ ಗರ್ವ ಬಂದು, ಆ ವರ್ಷ ಹುಳಿ ಕಡಿಮೆ ಮಾಡಿತು ಎನ್ನುವವರಿದ್ದಾರೆ. ಕಷ್ಟವಾದದ್ದು ಅಣ್ಣಯ್ಯಪ್ಪನಿಗೆ. ತನ್ನದೇ ಹೊಗೆಗೆ ಸರದಿಯಲ್ಲಿ ನಿಲ್ಲಬೇಕಾಯಿತು, ಅದೂ ಕೈಯಲ್ಲಿ ನಿಂಬೆಹಣ್ಣು ಹಿಡಿದು. ಇನ್ನೊಂದು ವಿಚಿತ್ರ: ತಾನು ಬಾಯಿಡಲು ಆಗದಿದ್ದರೂ ಒಳಗಿನ ರಸ ಮಾತ್ರ ಇಳಿಯುತ್ತಲೇ ಇತ್ತು. ಅಮ್ಮನವರೇ ಸೇದುತ್ತಿರಬೇಕೆಂದು ಆತನಿಗೂ ಒಂದು ಗಳಿಗೆ ಭಕ್ತಿ ಬಂತು.

ಪೂಜೆಯ ದಿನ ಬೆಳಿಗ್ಗೆ ಊರೆಲ್ಲ ತಮಟೆ ಬಡಿಸಿಕೊಂಡು ಮುನಿಯಪ್ಪನ ಗುಡಿಗೆ ಹೊರಟಿತು. ದಾರಿಯಲ್ಲಿ ಮರಕ್ಕೆ ಕೈಮುಗಿಯುವ ನೆಪದಲ್ಲಿ ಯಂತ್ರವನ್ನು ಟವೆಲ್ಲಿನೊಳಗೆ ಇಳಿಸಿಕೊಳ್ಳುವುದೆಂದು ಅಣ್ಣಯ್ಯಪ್ಪನ ಉಪಾಯ. ಆದರೆ ಮರದ ಕೆಳಗೆ ಹೆಡ್ ಕಾನ್‌ಸ್ಟೇಬಲ್ ಪಳನಿಯಪ್ಪನ್ ನಿಂತಿದ್ದ. ಮರ ನೋಡಲು ಬಂದವರ ಬೈಕುಗಳು ರಸ್ತೆ ಕಟ್ಟಿದ್ದವು. ಬಿಡಿಸಲು ಬಂದವನ ಮೂಗಿಗೂ ಮಾವು ಹತ್ತಿತ್ತು. ಆತ ಭಕ್ತಿಯಿಂದ ಚಪ್ಪಲಿ ಬಿಟ್ಟು, ಪೊಟರೆಯೊಳಗೆ ಕೈಹಾಕಿ, ನಾರು ಕಿತ್ತು, ಅಮ್ಮನವರನ್ನು ಹೊರಗೆ ತೆಗೆದ.

"ಇದು ಯಾರೋಡದು?" ಎಂದ. ಆತನಿಗೆ ನಮ್ಮ ಕನ್ನಡ ತಿಳಿಯುತ್ತದೆ; ಕೇಸಿಗೆ ಮಾತ್ರ ತಮಿಳು. "ಯಾರ್ದು ಅಂತ ಏಳಿದ್ರೆ ಅವರ್ ಮೇಲೆ ಎಫ್ಐಆರ್. ಸೊಲ್ಲುಂಗೋ, ಏಳ್ರೀ."

ತಮಟೆ ನಿಂತಿತು. ಅಣ್ಣಯ್ಯಪ್ಪ ಸಿದ್ಧವಾಗಿ ಹಿಡಿದಿದ್ದ ಟವೆಲ್ಲನ್ನು ಮತ್ತೆ ಹೆಗಲಿಗೇರಿಸಿದ. ನನ್ನದೆಂದರೆ ಸ್ಟೇಷನ್ನು. ನನ್ನದಲ್ಲವೆಂದರೆ ಹೊಗೆ ಇಲ್ಲ, ಹೊಗೆ ಇಲ್ಲದಿದ್ದರೆ ಹಕ್ಕು ಇಲ್ಲ, ತಾತನ ಕಾಲದ ತುಟಿ ಇಂದಿಗೆ ಮುಗಿಯಿತು. ಇನ್ನೇನು ಗೋಪಾಲಪ್ಪ ಬೆರಳು ತೋರಿಸುತ್ತಾನೆ ಎಂದು ಅತ್ತ ನೋಡಿದ. ಗೋಪಾಲಪ್ಪ ಆಕಾಶದಲ್ಲಿ ಕಾಗೆ ಎಣಿಸುತ್ತಿದ್ದ.

"ನೀಂಗ ಸೊಲ್ಲುಂಗೋ ಪೆರಿಯವರೇ, ಯಾರ್ದಿದು?" ಕಾನ್‌ಸ್ಟೇಬಲ್ ಗೋಪಾಲಪ್ಪನನ್ನೇ ಹಿಡಿದ.

ಗೋಪಾಲಪ್ಪ ತಲೆಯಾಡಿಸಿದ. ಬಾಯಿ ತೆರೆಯಲಿಲ್ಲ.

"ವಾಯೆ ತೊರಂದು ಸೊಲ್ಲುಂಗೋ! ಬಾಯ್ ಬಿಡ್ರೀ!"

"ನಂಗೊತ್ತಿಲ್ಲ ಸಾರ್," ಎಂದ ಗೋಪಾಲಪ್ಪ. ಆ ಮಾತಿನ ಜೊತೆ ಹೊರಬಂದ ಉಸಿರಿಗೆ ಪಕ್ಕದಲ್ಲಿದ್ದ ಹಸುವೊಂದು ನಾಲಿಗೆ ಚಾಚಿತು. ಮಲಗೋವ!

ಜೀವಿತಾ ಹಣೆ ಚಚ್ಚಿಕೊಂಡಳು. "ಅಪ್ಪಾ, ನೀನೂನಾ?"

ಊರು ಮೊದಲು ನಕ್ಕಿತೋ, ತಮಟೆ ಮೊದಲು ಉರುಳಿತೋ ಗೊತ್ತಿಲ್ಲ. ಒಬ್ಬನನ್ನೊಬ್ಬ ನೋಡದೆ ನಿಂತಿದ್ದ ದಾಯಾದಿಗಳಿಬ್ಬರನ್ನೂ ಪಳನಿಯಪ್ಪನ್ ನೋಡಿದ, ಮರವನ್ನೂ ನೋಡಿದ. ಜಾಗ ಪುರಂಬೋಕು, ವಾರಸುದಾರ ಯಾರೂ ಇಲ್ಲ ಎಂದು ಯಂತ್ರವನ್ನು ಕವರಿಗೆ ಹಾಕಿದ. "ಇನ್ನೊಂದ್ಸಲ ಸಿಕ್ಕಿದ್ರೆ ಮರಾನೇ ಸ್ಟೇಷನ್‌ಗೆ ಕರ್ಕೊಂಡೋಗ್ತೀನಿ," ಎಂದು ಹೇಳಿ ಚಪ್ಪಲಿ ಮೆಟ್ಟಿದ.

ಮುನಿಯಪ್ಪನ ಮುಂದೆ ಎಡೆ ಇಟ್ಟಾಯಿತು. ಬಾಳೆ ಎಲೆಯ ಮೇಲೆ ಹಳೆಯ ಬೆಂಕಿಯ ಸುರುಟ್ಟು ಮಲಗಿತ್ತು. ಅಣ್ಣಯ್ಯಪ್ಪ ದಾರದ ಕೈಯನ್ನು ಬೆನ್ನ ಹಿಂದಿಟ್ಟುಕೊಂಡು ನಿಂತ. ಕದ್ದು ಸೇದಿದರೂ ಕೈಗೆ ದಾರ ಇಲ್ಲವಲ್ಲ ಎಂಬ ಧೈರ್ಯದಲ್ಲಿ ಗೋಪಾಲಪ್ಪ ಮುಂದೆ ಬಂದ, ಟ್ರಿಮ್ ಮಾಡಿಸಿದ ಮೀಸೆ ತೀಡುತ್ತಾ. ರಾಮಚಂದ್ರಪ್ಪ ನಿಟ್ಟುಸಿರು ಬಿಟ್ಟು, "ಇನ್ನೇನ್ ಮಾಡಾದು, ನೀನೇ ಅಚ್ಚು ಕಣಪ್ಪ," ಎಂದರು.

"ನಿಲ್ಲಿ ಗೌಡ್ರೇ," ಎಂದಳು ಮುತ್ಯಾಲಮ್ಮ, ಹೆಂಗಸರ ಗುಂಪಿನಿಂದ ಸೆರಗು ಸಿಕ್ಕಿಸಿಕೊಂಡು ಬಂದು. "ಅಕ್ಕು ನಮ್ ಮನೇದಾ, ಇವ್ನ್ ತುಟೀದಾ?"

"ಮನೇದೇ ಕಣಮ್ಮ."

"ಅಂಗಾದ್ರೆ ಮನೇಲಿ ನಾನಿಲ್ವಾ? ನಂಗ್ಯಾರಾದ್ರೂ ದಾರ ಕಟ್ಟವ್ರಾ?"

"ಎಂಗುಸ್ರು ಸುರುಟ್ಟು..." ಎಂದು ಗೋಪಾಲಪ್ಪ ಶುರುಮಾಡಿದ.

"ನೀನ್ ಬಾಯ್ ಮುಚ್ಚು ಮೈದ್ನಾ, ವಾಸ್ನೆ ಬತ್ತದೆ."

ಗೌಡರು ಮುನಿಯಪ್ಪನ ಮುಖ ನೋಡಿದರು. ಮುನಿಯಪ್ಪ ಬೇಡವೆನ್ನಲಿಲ್ಲ. ಮುತ್ಯಾಲಮ್ಮ ಆಡಿ ಗಾಳಿಗೆ ಬೆನ್ನು ಕೊಟ್ಟು ಒಂದೇ ಕಡ್ಡಿಗೆ ಹಚ್ಚಿದಳು. ಅಷ್ಟು ವರ್ಷ ಒಲೆ ಹಚ್ಚಿದ ಕೈ ಅದು. ಎಳೆದಳು. ಎರಡನೇ ಸಲ ಎಳೆದಾಗ ತುದಿ ಕೆಂಪಾಯಿತು, ಆಕೆಯ ಮುಖವೂ. ದೇವರ ತುಟಿಗೆ ಸಿಕ್ಕಿಸಿ ತಿರುಗಿದವಳು ಕೆಮ್ಮಿದ ಕೆಮ್ಮಿಗೆ ಗುಡಿಯ ಗಂಟೆಗಳು ತಾವಾಗಿಯೇ ಬಡಿದುಕೊಂಡವು. ಹೊಗೆ ಮಾತ್ರ ಗೆರೆ ಎಳೆದಂತೆ ನೆಟ್ಟಗೆ ಮೇಲೆ ಹೋಯಿತು. ಊರು ಕೈಮುಗಿಯಿತು.

ಅಣ್ಣಯ್ಯಪ್ಪ ಓಡಿಬಂದು ನೀರಿನ ಚೊಂಬು ಕೊಟ್ಟ. ಆಕೆ ಕುಡಿದು, ಕಣ್ಣೊರೆಸಿಕೊಂಡು, ಗಂಡನನ್ನು ಮೇಲಿಂದ ಕೆಳಗೆ ನೋಡಿದಳು.

"ಥೂ! ಈ ಕರ್ಮಕ್ಕಾ ಇಷ್ಟ್ ಜೀವ ಬಿಡ್ತಿದ್ದೆ?"

"ಮುಂದಿನ್ ವರ್ಸ ದಾರ ಬಿಚ್ಚಿದ್ಮೇಲೆ ನಾನೇ..."

"ದಾರ ಬಿಚ್ತಾರೆ ಅಂತ ಯಾರ್ ಏಳುದ್ರು? ವರ್ಸಕ್ಕೊಂದ್ಸಲ ತಾನೆ, ನಾನ್ ಕೆಮ್ಮ್ಕತೀನಿ."

ಹಕ್ಕು ಮನೆಯಲ್ಲೇ ಉಳಿಯಿತು, ಆದರೆ ಈಗ ಸೆರಗಿನ ಗಂಟಿನಲ್ಲಿದೆ. ಅಣ್ಣಯ್ಯಪ್ಪನಿಗೆ ಪೂಜೆಯಲ್ಲಿ ಬೆಂಕಿಪೊಟ್ಟಣ ಹಿಡಿದು ಹೆಂಡತಿಯ ಪಕ್ಕ ನಿಲ್ಲುವ ಕೆಲಸ. ಆ ಕೆಲಸಕ್ಕೂ ಗೋಪಾಲಪ್ಪ ಗೌಡರ ಹತ್ತಿರ ಅರ್ಜಿ ಹಾಕಿದ್ದಾನೆ.